ಯಾರೂ ನೋಡದೆ ಬಿಟ್ಟ ಕಣ್ಣು

ಬೆಳಗಿನ ಜಾವ. ಮದರಾಸಿನ ಕೀಲ್ಪಾಕಿನಲ್ಲಿರುವ ವಿಷ್ಣುಮೂರ್ತಿ ರಾಯರ ಹೋಟೆಲಿನ ಮುಂಬಾಗಿಲು ಇನ್ನೂ ತೆರೆದಿಲ್ಲ. ಹಿಂದುಗಡೆ, ಸೌದೆ ಒಟ್ಟಿದ ಓಣಿಯ ಪಕ್ಕ, ರುಬ್ಬುವ ಕೋಣೆಯಲ್ಲಿ ಒಂದು ಬಲ್ಬು ಮಾತ್ರ ಉರಿಯುತ್ತಿದೆ. ವಡೆಗೆಂದು ನೆನೆಹಾಕಿದ ಉದ್ದು ಬಸಿದು ತಯಾರಾಗಿದೆ. ಕಿಟ್ಟಣ್ಣ ಕಲ್ಲಿನ ಮುಂದೆ ಮಣೆ ಹಾಕಿಕೊಂಡು ಕುಳಿತಿದ್ದಾರೆ, ಆದರೆ ರುಬ್ಬುವ ಗುಂಡುಕಲ್ಲಿಗೆ ಇನ್ನೂ ಕೈ ಹಾಕಿಲ್ಲ. ಅಷ್ಟರಲ್ಲಿ ಅವರ ಹೆಂಡತಿ ಗುಣವತಿ ಬರುತ್ತಾರೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಗ್ಗಿ, ಗಂಡನ ಬಲಗಣ್ಣಿನ ಪಕ್ಕಕ್ಕೆ ಕಿವಿಯಿಟ್ಟು ನಿಲ್ಲುತ್ತಾರೆ.

ಸ್ವಲ್ಪ ಹೊತ್ತು ಇಬ್ಬರೂ ಉಸಿರು ಬಿಗಿಹಿಡಿದಿದ್ದಾರೆ. "ಇಲ್ಲ," ಎನ್ನುತ್ತಾರೆ ಗುಣವತಿ. ಕಿಟ್ಟಣ್ಣ ತಲೆಯಾಡಿಸಿ ಗುಂಡು ತಿರುಗಿಸತೊಡಗುತ್ತಾರೆ. ಇದು ಆಗದೆ ಈ ಹೋಟೆಲಿನಲ್ಲಿ ಯಾವ ದಿನವೂ ಕಲ್ಲು ತಿರುಗುವುದಿಲ್ಲ.

ಗಂಡ ಹೆಂಡಿರ ನಡುವಿನ ಸಂಗತಿ, ನಮಗೇಕೆ ಎಂದು, ಪತ್ರಿಕೆಗೆ ಬರೆಯಲೆಂದು ಬಂದ ನಾನು ಸೌದೆಯ ಕಡೆ ಮುಖ ಮಾಡಿ ನಿಂತಿದ್ದೇನೆ. ಗುಣವತಿ ಅದನ್ನು ಗಮನಿಸುತ್ತಾರೆ. "ನೋಡಿ ಸ್ವಾಮಿ, ಅಡ್ಡಿಲ್ಲ. ನೋಡ್ಬಾರ್ದು ಅಂತ ಎಲ್ಲರೂ ಆಚೆ ತಿರುಗಿದ್ದಕ್ಕೇ ಇವರ ಕಣ್ಣು ಹೋದದ್ದು," ಎನ್ನುತ್ತಾರೆ.

ಕಿಟ್ಟಣ್ಣನ ಬಲಗಣ್ಣಿಗೆ ದೃಷ್ಟಿಯಿಲ್ಲ. ಅಂಥ ವಿಕಾರವೇನೂ ಕಾಣುವುದಿಲ್ಲ. ಗುಡ್ಡೆ ಮಸುಕಾಗಿದೆ, ರೆಪ್ಪೆ ಕೊಂಚ ಜೋತಿದೆ, ಅಷ್ಟೆ. ಆ ಕಣ್ಣು ಹೋದ ಬಗೆಯನ್ನು ಕೇಳಿದ ಮೇಲೆ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಮದರಾಸಿನಲ್ಲಿ ಇಡ್ಲಿ ತಿನ್ನುವವರಿಗೆ ಲೆಕ್ಕವಿಲ್ಲ. ಗಲ್ಲಾದಲ್ಲಿ ಕುಳಿತ ರಾಯರ ಪರಿಚಯ ಎಲ್ಲರಿಗೂ ಇದೆ. ಬಡಿಸುವವನನ್ನು ಹೆಸರು ಹಿಡಿದು ಕರೆಯುವ ಗಿರಾಕಿಗಳಿದ್ದಾರೆ. ದೋಸೆ ಹುಯ್ಯುವವನಿಗೆ, ನನ್ನದು ಸ್ವಲ್ಪ ಗರಿಗರಿಯಾಗಿರಲಿ ಎಂದು ಒಳಗೆ ಹೇಳಿಕಳಿಸುವ ವಕೀಲರಿದ್ದಾರೆ. ಹಿಟ್ಟು ರುಬ್ಬಿದವರು ಯಾರೆಂದು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಇಡ್ಲಿ ಗಟ್ಟಿಯಾದ ದಿನ ಆ ಪ್ರಶ್ನೆ ಏಳುತ್ತದೆ, ಬೈಗುಳದ ರೂಪದಲ್ಲಿ.

ಅಕ್ಕಿ, ಉದ್ದು, ತೆಂಗಿನಕಾಯಿ ಎಲ್ಲ ಸೇರಿ ದಿನಕ್ಕೆ ಅರ್ಧ ಮೂಟೆಗೆ ಮೇಲ್ಪಟ್ಟು ಸಾಮಾನು ಕಿಟ್ಟಣ್ಣನ ಕೈಯಲ್ಲಿ ನುಣ್ಣಗಾಗುತ್ತದೆ. ಬೆಳಿಗ್ಗೆ ವಡೆಯ ಹಿಟ್ಟು, ಚಟ್ನಿ. ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಒಂದಿಷ್ಟು ನಿದ್ದೆ. ಆಮೇಲೆ ಮರುದಿನದ ಇಡ್ಲಿ, ದೋಸೆಗೆ. ಅಂಗೈ ಚಪ್ಪಲಿಯ ಅಟ್ಟೆಯಂತಾಗಿದೆ. "ನಮ್ಮದು ಕಾಪು ಹತ್ತಿರ. ಬಂದ ಹೊಸತರಲ್ಲಿ ಟೇಬಲ್ ಒರೆಸ್ಲಿಕ್ಕೆ ಹಾಕಿದ್ರು," ಎನ್ನುತ್ತಾರೆ ಅವರು. "ಆಮೇಲೆ ಇವನ ಕೈ ಗಟ್ಟಿ ಉಂಟು ಅಂತ ಧಣಿಗಳು ಇಲ್ಲಿ ಕೂರಿಸಿದ್ರು. ಕೂತವ ಎದ್ದದ್ದೇ ಇಲ್ಲ."

ಅವರ ಊರಿನ ಮಾತಿನಲ್ಲಿ ರುಬ್ಬುವುದೆಂದರೆ ಕಡೆಯುವುದು. ಕಡೆಯುವ ಕೆಲಸಕ್ಕೆ ಕೈಗಿಂತ ಹೆಚ್ಚಾಗಿ ಕಿವಿ ಬೇಕಂತೆ. "ಉದ್ದು ಮೊದಲು ಗರಗರ ಅಂತದೆ. ಕಡೀತಾ ಕಡೀತಾ ಸದ್ದು ಸಣ್ಣ ಆಗ್ತದೆ. ಕೊನೆಗೆ ತಪ್ ತಪ್ ಅಂತ ಮಾತ್ರ ಉಳೀತದೆ. ಆಗ ತೆಗೀಬೇಕು. ಮತ್ತೂ ತಿರುಗಿಸಿದ್ರೆ ಕಲ್ಲು ಬಿಸಿಯಾಗಿ ಹಿಟ್ಟು ಕೆಡ್ತದೆ," ಎಂದು ವಿವರಿಸುತ್ತಾರೆ. ಮಲಗಿದ ಮೇಲೂ ಕಲ್ಲಿನ ಸದ್ದು ಕಿವಿಯಲ್ಲಿ ಸುತ್ತುವುದು ಈ ಕೆಲಸದವರಿಗೆಲ್ಲ ಮಾಮೂಲು. ಅದನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಆದ ಅನಾಹುತದಲ್ಲಿ ಅದಕ್ಕೂ ಒಂದು ಪಾಲಿದೆ.

ಐವತ್ತೇಳನೆಯ ಇಸವಿಯ ಬೇಸಿಗೆ. ಈಗಿನಿಂದ ಆರು ವರ್ಷದ ಹಿಂದಿನ ಮಾತು. ನೆನೆದ ಉದ್ದಿನ ಪಾತ್ರೆ ಹೊತ್ತು ಬರುವಾಗ ಕಿಟ್ಟಣ್ಣ ಒದ್ದೆ ನೆಲದ ಮೇಲೆ ಜಾರಿ ಬಿದ್ದರು. ಬಲ ಹುಬ್ಬಿನ ಮೇಲ್ಭಾಗ ಕಲ್ಲಿನ ಅಂಚಿಗೆ ಬಡಿಯಿತು. ಮೂಗಿನಲ್ಲೂ ರಕ್ತ ಬಂತು. ಗಾಯಕ್ಕೆ ಕಾಫಿಪುಡಿ ಒತ್ತಿ ಬಟ್ಟೆ ಕಟ್ಟಿದರು. ಮದುವೆಯ ಕಾಲ, ಹೋಟೆಲಿನಲ್ಲಿ ಜನವೋ ಜನ. ರಾಯರು ಮಲಗು ಎಂದರೂ ಕೇಳದೆ ಇವರು ಮರುದಿನವೇ ಕಲ್ಲಿನ ಮುಂದೆ ಕುಳಿತರು. ಗಾಯ ಮಾಯಿತು, ತಲೆನೋವು ಕಡಿಮೆಯಾಯಿತು, ಎಲ್ಲರೂ ಮರೆತರು.

ಸ್ವಲ್ಪ ದಿನ ಕಳೆದ ಮೇಲೆ ತಲೆಯೊಳಗೆ ಒಂದು ಸದ್ದು ಶುರುವಾಯಿತು. ಗುಂಯ್, ಗುಂಯ್, ಎಂದು ಒಂದೇ ಲಯದಲ್ಲಿ. "ಕಲ್ಲು ನಿಲ್ಲಿಸಿದ್ರೂ ಒಳಗೆ ತಿರುಗ್ತಾ ಇತ್ತು," ಎನ್ನುತ್ತಾರೆ ಕಿಟ್ಟಣ್ಣ. ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದವರು ದೋಸೆ ಹುಯ್ಯುವ ಬಾಬು. ಅವರಿಗೂ ಕಾಪುವೇ ಊರು. ಅವರಿಗೆ ಹೇಳಿದರೆ, "ನಿಂಗೆ ಕಲ್ಲಿನ ಮೇಲೆ ಅಷ್ಟು ಪ್ರೀತಿ ಮಾರಾಯ, ಮಲಗಿದ್ರೂ ಬಿಡೂದಿಲ್ಲ," ಎಂದರಂತೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಕಿಟ್ಟಣ್ಣನೂ ನಕ್ಕರು. ರುಬ್ಬುವವರ ಕಿವಿಯಲ್ಲಿ ಕಲ್ಲಿನ ಸದ್ದಲ್ಲದೆ ಇನ್ನೇನಿದ್ದೀತು ಎಂದು ಅವರಿಗೂ ಅನ್ನಿಸಿತ್ತು.

ಆಮೇಲೆ ಬಲಗಣ್ಣು ಕೆಂಪಾಯಿತು. ಆಗ ಊರಿನಲ್ಲೆಲ್ಲ ಮದ್ರಾಸ್ ಐ ಹಬ್ಬಿತ್ತು. ನಮ್ಮ ಪಟ್ಟಣಕ್ಕೆ ಬೇರೆ ಯಾವ ಕೀರ್ತಿ ಸಾಲದೆಂದೋ ಏನೋ, ಅಂಟುವ ಕೆಂಗಣ್ಣಿಗೂ ಇದರ ಹೆಸರೇ ಬಿದ್ದಿದೆ. ಕೆಂಪು ಕಣ್ಣನ್ನು ದಿಟ್ಟಿಸಿ ನೋಡಿದರೆ ನೋಡಿದವರಿಗೂ ಅಂಟುತ್ತದೆ ಎಂಬ ನಂಬಿಕೆ ಇಲ್ಲಿನ ಬೀದಿ ಬೀದಿಯಲ್ಲಿದೆ. ಕೈಯಿಂದ, ಬಟ್ಟೆಯಿಂದ ಹರಡುತ್ತದೆಯೇ ಹೊರತು ನೋಟದಿಂದಲ್ಲ ಎಂದು ಡಾಕ್ಟರುಗಳು ಎಷ್ಟು ಹೇಳಿದರೂ ಕೇಳುವವರಿಲ್ಲ. ಹೋಟೆಲುಗಳಲ್ಲಂತೂ ಕಟ್ಟುನಿಟ್ಟು ಇನ್ನೂ ಜಾಸ್ತಿ. ಒಬ್ಬನ ಕಣ್ಣು ಕೆಂಪಾದರೆ ಉಳಿದವರು ಅವನೊಡನೆ ಮಾತಾಡುವಾಗ ನೆಲ ನೋಡುತ್ತಾರೆ, ಗೋಡೆ ನೋಡುತ್ತಾರೆ. ಅವನೂ ಮುಖ ಎತ್ತುವುದಿಲ್ಲ. ಅದು ಅವನ ಮರ್ಯಾದೆ.

ರಾಯರು ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಕಣ್ಣು ವಾಸಿಯಾಗುವವರೆಗೆ ಬರಬೇಡ ಎಂದು ಹೊರಗೆ ಕಳಿಸುವ ಧಣಿಗಳು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ಇವರು ಕಳಿಸಲಿಲ್ಲ. ಹಿಂದಿನ ಕೋಣೆಯಲ್ಲೇ ಇರು, ಮುಂದೆ ಬರಬೇಡ ಎಂದರು. ಬೇರೆ ತಟ್ಟೆ ಲೋಟ ಕೊಡಿಸಿದರು. ತಾವೇ ಹೋಗಿ ಒಂದು ಕಪ್ಪು ಕನ್ನಡಕ ತಂದುಕೊಟ್ಟರು. ಅವರ ಮನೆಯಾಕೆ ದಿನವೂ ನಂದಿಬಟ್ಟಲು ಹೂವನ್ನು ನೀರಿನಲ್ಲಿ ನೆನೆಸಿ, ಕಣ್ಣಿಗೆ ಇಟ್ಟುಕೊಳ್ಳಲು ಕಳಿಸಿದರು. ಎಲ್ಲರೂ ಒಳ್ಳೆಯದನ್ನೇ ಮಾಡಿದರು. ಕಣ್ಣನ್ನು ಮಾತ್ರ ಯಾರೂ ನೋಡಲಿಲ್ಲ.

"ನೀವಾದರೂ ಕನ್ನಡಿಯಲ್ಲಿ ನೋಡಿಕೊಳ್ಳಲಿಲ್ಲವೇ?" ಎಂದು ಕೇಳುತ್ತೇನೆ. ಕಿಟ್ಟಣ್ಣ ತಲೆ ತಗ್ಗಿಸಿ ಹಿಟ್ಟನ್ನು ಕಲ್ಲಿನ ಬಾಯಿಗೆ ನೂಕುತ್ತಾರೆ. "ಕನ್ನಡಿಯಲ್ಲಿ ನೋಡಿದ್ರೆ ಇನ್ನೊಂದು ಕಣ್ಣಿಗೂ ಬರ್ತದೆ ಅಂತ ಯಾರೋ ಹೇಳಿದ್ರು. ಹೌದೋ ಅಂತ ಬಿಟ್ಟೆ. ಕ್ಷೌರದವನೂ ಹತ್ತಿರ ಬರ್ಲಿಲ್ಲ. ಗಡ್ಡ ಬಿಟ್ಕೊಂಡು, ಕನ್ನಡಕ ಹಾಕ್ಕೊಂಡು, ಇದೇ ಮೂಲೆಯಲ್ಲಿದ್ದೆ. ನಂಗೆ ನನ್ನ ಕಣ್ಣು ಹೇಗುಂಟು ಅಂತ ಗೊತ್ತೇ ಇರ್ಲಿಲ್ಲ."

ಮದ್ರಾಸ್ ಐ ಬಂದ ಉಳಿದವರೆಲ್ಲ ಒಂದೆರಡು ವಾರದಲ್ಲಿ ಗುಣವಾದರು. ಇವರದ್ದು ಹೋಗಲಿಲ್ಲ. ಸ್ವಲ್ಪ ಜೋರಾಗಿ ಬಂದಿದೆ ಎಂದರು ಜನ. ಒಂದು ಗುಂಡು ಎರಡಾಗಿ ಕಾಣತೊಡಗಿತು. ಕಲ್ಲಿಗೆ ಹಾಕಿದ ನೀರು ಪಕ್ಕಕ್ಕೆ ಬೀಳುತ್ತಿತ್ತು. ಒಂದು ಕಣ್ಣು ಮುಚ್ಚಿಕೊಂಡು ಅದನ್ನೂ ನಿಭಾಯಿಸಿದರು. ಆದರೆ ಸದ್ದಿಗೆ ಏನೂ ಮಾಡಲಾಗಲಿಲ್ಲ. ತಲೆಯೊಳಗಿನ ಗುಂಯ್‌ಗುಡುವಿಕೆಯಲ್ಲಿ ಹೊರಗಿನ ಕಲ್ಲಿನ ಮಾತು ಕೇಳಿಸದಾಯಿತು. ಉದ್ದನ್ನು ಯಾವಾಗ ತೆಗೆಯಬೇಕೋ ತಿಳಿಯಲಿಲ್ಲ. ಇಡ್ಲಿ ಗಟ್ಟಿಯಾಯಿತು, ವಡೆ ಕಲ್ಲಾಯಿತು, ಗಿರಾಕಿಗಳು ತಟ್ಟೆ ದೂಡಿದರು. ರಾಯರು ಬಾಗಿಲ ಬಳಿ ನಿಂತು, ಗೋಡೆ ನೋಡುತ್ತಾ ಬೈದರು.

ಕಿಟ್ಟಣ್ಣ ಇಲ್ಲಿ ಗುಂಡು ನಿಲ್ಲಿಸುತ್ತಾರೆ. "ಕಲ್ಲಿನ ಸದ್ದು ಕೇಳೂದಿಲ್ಲ ಧಣಿ ಅಂತ ಅವತ್ತು ಒಂದು ಮಾತು ಹೇಳಿದ್ದಿದ್ರೆ ಆಗ್ತಿತ್ತು. ಹೇಳ್ಲಿಲ್ಲ. ಕಿವಿ ಹೋದವನನ್ನು ಕಡೀಲಿಕ್ಕೆ ಯಾರು ಇಟ್ಕೊಳ್ತಾರೆ? ಕೆಲಸ ಹೋಗ್ತದೆ ಅಂತ ಸುಮ್ಮನಿದ್ದೆ. ಕೆಲಸ ಉಳೀತು." ಮತ್ತೆ ಗುಂಡು ತಿರುಗುತ್ತದೆ.

ಅದೇ ಸಮಯಕ್ಕೆ ಅವರು ರಜೆಯ ಮೇಲೆ ಊರಿಗೆ ಹೋಗಬೇಕಾಗಿತ್ತು. ಗುಣವತಿಗೆ ಹೆಣ್ಣು ಮಗು ಹುಟ್ಟಿ ಕೆಲವು ತಿಂಗಳಾಗಿತ್ತು, ಅಪ್ಪ ಇನ್ನೂ ಮುಖ ನೋಡಿರಲಿಲ್ಲ. ಕೂಸಿಗೆ ಕೆಂಗಣ್ಣು ಅಂಟಿಸಿದ ಅಪ್ಪ ಎನ್ನಿಸಿಕೊಳ್ಳುವುದು ಬೇಡವೆಂದು ಕಿಟ್ಟಣ್ಣ ಪ್ರಯಾಣ ನಿಲ್ಲಿಸಿದರು. ತಮ್ಮ ಬದಲಿಗೆ ಬಾಬು ರಜೆ ತೆಗೆದುಕೊಳ್ಳಲಿ ಎಂದರು. ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಆರು ವರ್ಷದಿಂದ ಇಬ್ಬರೂ ಯೋಚಿಸುತ್ತಿದ್ದಾರೆ. "ಇವಳು ನೋಡದೆ ಬಿಡುವವಳಲ್ಲ," ಎನ್ನುತ್ತಾರೆ ಕಿಟ್ಟಣ್ಣ.

ಮುಂದಿನದನ್ನು ಗುಣವತಿಯೇ ಹೇಳುತ್ತಾರೆ. ಅಕ್ಕಿಯ ಮೊರ ತೊಡೆಯ ಮೇಲಿಟ್ಟುಕೊಂಡು ಕಲ್ಲು ಆರಿಸುತ್ತಲೇ ಮಾತು. "ಬಾಬು ಬಂದು ಜಗಲಿಯಲ್ಲಿ ಕೂತ. ಕಿಟ್ಟಣ್ಣನಿಗೆ ಮದ್ರಾಸ್ ಐ ಅತ್ತಿಗೆ, ಗುಣ ಆದ್ಮೇಲೆ ಬರ್ತಾನೆ, ಹೆದರ್ಬೇಡಿ ಅಂದ. ಎಷ್ಟು ದಿನದಿಂದ ಅಂತ ಕೇಳಿದೆ. ಮೂರು ತಿಂಗಳಾಯ್ತು ಅಂದ. ಈಗ ಕಣ್ಣು ಹೇಗುಂಟು ಅಂತ ಕೇಳಿದೆ. ನಾನು ನೋಡ್ಲಿಲ್ಲ ಅತ್ತಿಗೆ, ನೋಡ್ಬಾರ್ದಲ್ಲ, ಅಂದ." ಅವರ ಕೈ ಮೊರದ ಮೇಲೆ ನಿಲ್ಲುತ್ತದೆ. "ಪಕ್ಕದ ಚಾಪೆಯಲ್ಲಿ ಮಲಗ್ತಿದ್ದವ ಮೂರು ತಿಂಗಳು ನೋಡ್ಲಿಲ್ಲ ಅಂತಾನೆ. ಬಾಬು ಪಾಪದವ, ಸುಳ್ಳು ಹೇಳುವವನಲ್ಲ. ಅದಕ್ಕೇ ನಂಗೆ ಹೆದರಿಕೆ ಆದದ್ದು. ಹಾಗಾದ್ರೆ ಅಲ್ಲಿ ಇವರನ್ನು ನೋಡುವವರು ಯಾರೂ ಇಲ್ಲ ಅಂತ ಆಯ್ತಲ್ಲ."

ಮಂಗಳೂರಿನವರೆಗೆ ಬಸ್ಸು, ಅಲ್ಲಿಂದ ಮದ್ರಾಸ್ ಮೇಲ್. ಅದುವರೆಗೆ ಉಡುಪಿಯಿಂದಾಚೆ ಹೋಗಿರದ ಹೆಣ್ಣುಮಗಳು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಹೊರಟರು. ಸ್ಟೇಷನ್ನಿನಲ್ಲಿಳಿದು ಹೋಟೆಲಿನ ಹೆಸರು ಹೇಳಿ ಹೇಳಿ ಕೀಲ್ಪಾಕು ಮುಟ್ಟಿದರು. ಹಿಂದಿನ ಕೋಣೆಗೆ ಬಂದರೆ, ಕಪ್ಪು ಕನ್ನಡಕದ ಗಡ್ಡಧಾರಿಯೊಬ್ಬ ತಟ್ಟನೆ ಗೋಡೆಯ ಕಡೆ ತಿರುಗಿ, "ಮಗುವಿಗೆ ಬರ್ತದೆ, ಆಚೆ ಹೋಗು," ಎಂದ. ದನಿಯಿಂದ ಗಂಡನೆಂದು ತಿಳಿಯಿತು. ಗುಣವತಿ ಮಗುವನ್ನು ಗೋಣಿಚೀಲದ ಮೇಲೆ ಕೂರಿಸಿ, ಹತ್ತಿರ ಹೋಗಿ, ಗಲ್ಲ ಹಿಡಿದು ಮುಖ ತಿರುಗಿಸಿ, ಕನ್ನಡಕ ತೆಗೆದರು.

"ಕಣ್ಣು ಹೊರಗೆ ಬಂದಿತ್ತು ಸ್ವಾಮಿ. ಮತ್ತೆ ಅದು ಎದೆ ಹೊಡಕೊಳ್ಳುವ ಹಾಗೆ ಹೊಡಕೊಳ್ತಾ ಇತ್ತು. ಯಾವ ಮದ್ರಾಸ್ ಐ ಹಾಗೆ ಇರ್ತದೆ? ನಂಗೆ ಅಳು ಬಂತು. ಇವರ ತಲೆಯನ್ನು ಅಪ್ಪಿ ಹಿಡ್ಕೊಂಡೆ. ಆಗ ಕೇಳಿತು. ಕಲ್ಲು ನಿಂತಿತ್ತು, ಕೋಣೆಯಲ್ಲಿ ಬೇರೆ ಸದ್ದು ಎಂತದೂ ಇಲ್ಲ. ಇವರ ತಲೆಯ ಒಳಗೆ ಯಾರೋ ಕಡೀತಾ ಇದ್ರು. ನಂಗೆ ಕೇಳ್ತದೆ ಅಂದೆ. 'ನಿಂಗೂ ಕೇಳ್ತದಾ?' ಅಂದ್ರು. ಆಗ ಇವರೂ ಅತ್ರು."

ಗೋಣಿಚೀಲದ ಮೇಲಿದ್ದ ಮಗು ಅಪ್ಪನ ಕಣ್ಣನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತಂತೆ. ಅದಕ್ಕೆ ಏನೂ ಅಂಟಲಿಲ್ಲ.

ರಾಯರು ಗಲ್ಲಾ ಬಿಟ್ಟು ಎದ್ದು, ಟ್ಯಾಕ್ಸಿ ತರಿಸಿ, ತಾವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಕಣ್ಣು ನೋಡಿದರು, ರೆಪ್ಪೆ ಮುಚ್ಚಿಸಿ ಅದರ ಮೇಲೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. ಎದೆಗೆ ಇಡುವುದನ್ನು ಕಣ್ಣಿಗೆ ಇಡುತ್ತಾರಲ್ಲ ಎಂದು ಗುಣವತಿಗೆ ಆಶ್ಚರ್ಯ. ಡಾಕ್ಟರು ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಹೃದಯದಿಂದ ರಭಸವಾಗಿ ರಕ್ತ ತರುವ ಒಂದು ನಾಳ ಕಣ್ಣಿನ ಹಿಂದುಗಡೆ ಹಾದುಹೋಗುತ್ತದೆ. ಅದರ ಸುತ್ತಲೇ, ವಾಪಸು ಹೋಗುವ ರಕ್ತ ನಿಧಾನವಾಗಿ ಹರಿಯುವ ಜಾಗವಿದೆ. ಇವೆರಡೂ ಒಂದಕ್ಕೊಂದು ಸೇರಬಾರದು. ತಲೆಗೆ ಬಿದ್ದ ಏಟಿನಲ್ಲಿ ನಾಳ ಹರಿದು, ಗದ್ದೆಯ ಬದು ಒಡೆದ ಹಾಗಾಗಿ, ರಭಸದ ರಕ್ತ ಆ ಕಡೆಗೆ ನುಗ್ಗಿದೆ. ಕಣ್ಣಿನಿಂದ ಹಿಂದಕ್ಕೆ ಹೋಗಬೇಕಾದ ರಕ್ತಕ್ಕೆ ದಾರಿಯಿಲ್ಲ. ಅದಕ್ಕೇ ಕೆಂಪು, ಅದಕ್ಕೇ ಉಬ್ಬು. ಒಳಗಿನ ಸದ್ದು ಆ ನುಗ್ಗುವ ರಕ್ತದ್ದು.

ಹೀಗೆ ಹೇಳುತ್ತಾ ಡಾಕ್ಟರು ಕಿಟ್ಟಣ್ಣನ ಕುತ್ತಿಗೆಯ ಬಲಗಡೆ ಬೆರಳಿಟ್ಟು ಒತ್ತಿದರು. ಸದ್ದು ನಿಂತಿತು.

"ಎಷ್ಟು ತಿಂಗಳಾಗಿತ್ತು ಮಾರಾಯ್ರೇ," ಎನ್ನುತ್ತಾರೆ ಕಿಟ್ಟಣ್ಣ. "ಹೊರಗೆ ಕಾಗೆ ಕೂಗೂದು ಕೇಳಿತು. ಆಚೆ ಯಾರೋ ಲೋಟ ಇಟ್ಟದ್ದು ಕೇಳಿತು. ಹಾಗಾದ್ರೆ ಇದು ಕಲ್ಲಿನದ್ದಲ್ಲ ಅಂತ ನಂಗೆ ಆಗ ಗೊತ್ತಾಯ್ತು. ಅವರು ಬೆರಳು ತೆಗೆದ್ರು, ಮತ್ತೆ ಶುರುವಾಯ್ತು."

ಕುತ್ತಿಗೆಯಲ್ಲಿ ಆ ನಾಳವನ್ನು ಕಟ್ಟುವ ಆಪರೇಷನ್ ಆಯಿತು. ಅದಕ್ಕೆ ಮೊದಲು ಮಿದುಳು ತಡೆದುಕೊಳ್ಳುತ್ತದೆಯೇ ಎಂದು ದಿನವೂ ಸ್ವಲ್ಪ ಹೊತ್ತು ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಆಪರೇಷನ್ನಿನ ನಂತರ ಸದ್ದು ಹೋಯಿತು. ಕೆಂಪು ಇಳಿಯಿತು, ಕಣ್ಣು ಮೆಲ್ಲಗೆ ತನ್ನ ಜಾಗಕ್ಕೆ ಸರಿಯಿತು. ನೋಟ ಮಾತ್ರ ಮರಳಿ ಬರಲಿಲ್ಲ. ಕಣ್ಣು ಕೆಂಪಾದ ಹೊಸತರಲ್ಲೇ ಬಂದಿದ್ದರೆ ಬಹುಶಃ ಉಳಿಸಬಹುದಿತ್ತು ಎಂದು ಡಾಕ್ಟರು ಮೆತ್ತಗೆ ಹೇಳಿದರಂತೆ. ಯಾರನ್ನೂ ದೂರುವ ದನಿಯಲ್ಲಲ್ಲ. ಆದರೂ ಅಲ್ಲಿದ್ದ ಗಂಡ, ಹೆಂಡತಿ, ರಾಯರು ಮೂವರೂ ಒಬ್ಬರ ಮುಖ ಒಬ್ಬರು ನೋಡದಾದರು. ಸದ್ದು ಮರುಕಳಿಸಿದರೆ ಒಂದು ದಿನವೂ ತಡಮಾಡದೆ ಬರಬೇಕು ಎಂದೂ ಡಾಕ್ಟರು ಎಚ್ಚರಿಸಿದ್ದಾರೆ. ಗುಣವತಿ ಪ್ರತಿ ಬೆಳಗ್ಗೆ ಕಿವಿಯಿಟ್ಟು ಕೇಳುವುದು ಅದಕ್ಕೇ. ಮರುಕಳಿಸಿದರೆ ನಿಮಗೇ ಕೇಳುತ್ತದಲ್ಲ ಎಂದರೆ ಕಿಟ್ಟಣ್ಣ ಹೇಳುತ್ತಾರೆ: "ನಂಗೆ ಕೇಳಿದ್ರೆ ನಾನು ಮತ್ತೆ ಕಲ್ಲಿನದ್ದು ಅಂದ್ಕೊಳ್ತೇನೆ. ಇವಳೇ ಕೇಳ್ಬೇಕು."

ರಾಯರು ಹಿತ್ತಲಿನಲ್ಲಿ ಒಂದು ಕೋಣೆ ಕೊಟ್ಟರು. ಗುಣವತಿ ಊರಿಗೆ ಹಿಂತಿರುಗದೆ ಹೋಟೆಲಿನಲ್ಲೇ ಅಕ್ಕಿ ಆರಿಸುವ, ತರಕಾರಿ ಹೆಚ್ಚುವ ಕೆಲಸಕ್ಕೆ ನಿಂತರು. ಮಗಳು ಸರಸ ಈಗ ಕಾರ್ಪೊರೇಷನ್ ಶಾಲೆಗೆ ಹೋಗುತ್ತಾಳೆ. ಅಮ್ಮ ಕನ್ನಡದಲ್ಲಿ ಕೂಗಿದರೆ "ಇದೋ ವರೇನ್ ಮ್ಮಾ" ಎಂದು ತಮಿಳಿನಲ್ಲಿ ಓಗೊಡುತ್ತಾಳೆ. ಬಾಬು ಇನ್ನೂ ಇದೇ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾರೆ. ಮಾತಾಡಿಸಲು ಹೋದರೆ ಕಾವಲಿಯಿಂದ ತಲೆಯೆತ್ತದೆ, "ನನ್ನನ್ನು ಎಂತ ಕೇಳ್ತೀರಿ ಸ್ವಾಮಿ," ಎಂದಷ್ಟೇ ಹೇಳಿದರು.

ವಿಷ್ಣುಮೂರ್ತಿ ರಾಯರು ಗಲ್ಲಾದಲ್ಲಿ ಕುಳಿತೇ ಮಾತಾಡುತ್ತಾರೆ. "ಅವನಿಗೆ ನಾನು ಕಪ್ಪು ಕನ್ನಡಕ ತಂದುಕೊಟ್ಟೆ. ಒಳ್ಳೇದು ಮಾಡ್ತಾ ಇದ್ದೇನೆ ಅಂತ ತಿಳಿದೆ. ಅದೊಂದು ಇಲ್ಲದೇ ಇದ್ದಿದ್ರೆ ಯಾರ ಕಣ್ಣಿಗಾದ್ರೂ ಬೀಳ್ತಿತ್ತೋ ಏನೋ. ಕಿಟ್ಟಣ್ಣ ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದಿದ್ರೆ ನಂಗೆ ಸ್ವಲ್ಪ ಹಗುರಾಗ್ತಿತ್ತು." ಅಷ್ಟರಲ್ಲಿ ಗಿರಾಕಿಯೊಬ್ಬರು ಬಿಲ್ಲು ಹಿಡಿದು ಬಂದರು. ರಾಯರು ಕನ್ನಡಕ ಒರೆಸಿಕೊಂಡು ಚಿಲ್ಲರೆ ಎಣಿಸತೊಡಗಿದರು.

ಈಗ ಹೋಟೆಲಿನಲ್ಲಿ ಯಾರ ಕಣ್ಣು ಕೆಂಪಾದರೂ ಮೊದಲು ಕಿಟ್ಟಣ್ಣನ ಬಳಿ ಕಳಿಸುತ್ತಾರೆ. ಅವರಿಗೆ ವೈದ್ಯವೇನೂ ಗೊತ್ತಿಲ್ಲ, ಗೊತ್ತಿದೆ ಎಂದು ಅವರು ಹೇಳಿಕೊಳ್ಳುವುದೂ ಇಲ್ಲ. ಬೆಳಕಿಗೆ ಕರೆದು, ಗಲ್ಲ ಹಿಡಿದು, ಉಳಿದಿರುವ ಒಂದು ಕಣ್ಣಿನಿಂದ ಚೆನ್ನಾಗಿ ನೋಡುತ್ತಾರೆ. ಆಮೇಲೆ ಕೈ ತೊಳೆದುಕೊಂಡು, ಆಸ್ಪತ್ರೆಗೆ ಹೋಗಿ ತೋರಿಸು ಎನ್ನುತ್ತಾರೆ. ಅಷ್ಟೇ ಅವರ ಚಿಕಿತ್ಸೆ.

ನನ್ನ ಜೊತೆ ಬಂದಿರುವ ಫೋಟೋಗ್ರಾಫರ್ ಪಂಢರಿನಾಥ ಪುರಸವಾಕ್ಕಂನವರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ನೆಲೆಸಿದ ಮನೆತನ. ಬಾಗಿಲಿನಿಂದ ಬಿಸಿಲು ಒಳಗೆ ಬೀಳುವವರೆಗೆ ಕಾದಿದ್ದು ಈಗ ಕ್ಯಾಮೆರಾ ಎತ್ತುತ್ತಾರೆ. ಕಿಟ್ಟಣ್ಣನ ಮುಖವನ್ನು ಒಂದು ಗಳಿಗೆ ನೋಡಿ, ನೋಯಿಸಬಾರದೆಂಬ ದನಿಯಲ್ಲಿ ಹೇಳುತ್ತಾರೆ. "ಅಣ್ಣಾ, ಕೊಂಜಂ ಆ ಪಕ್ಕ ತಿರುಗಿ. ಲೆಫ್ಟ್ ಸೈಡು ತೆಗೆದ್ರೆ ಅಳಗಾ, ಚೆನ್ನಾಗಿ ಬರತ್ತೆ."

ಕಿಟ್ಟಣ್ಣ ಗುಂಡು ನಿಲ್ಲಿಸುತ್ತಾರೆ. ಕೈಗೆ ಮೆತ್ತಿದ ಹಿಟ್ಟನ್ನು ಬಳಿದು ಕಲ್ಲಿಗೆ ಹಾಕುತ್ತಾರೆ. ಮಣೆಯ ಮೇಲೆ ಪೂರ್ತಿ ಸರಿದು ಕುಳಿತು, ಬಲಗಣ್ಣನ್ನು ಬೆಳಕಿಗೆ ಹಿಡಿಯುತ್ತಾರೆ.

"ಈ ಬದಿಯದ್ದೇ ತೆಗೀರಿ. ಅವತ್ತು ಯಾರೂ ನೋಡ್ಲಿಲ್ಲ, ಪೇಪರಿನಲ್ಲಾದ್ರೂ ನಾಲ್ಕು ಜನ ನೋಡ್ಲಿ," ಎನ್ನುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಅಡಿಯಲ್ಲಿ ಒಂದು ಮಾತು ಹಾಕ್ತೀರಾ ಸ್ವಾಮಿ? ನೋಡಿದ್ರೆ ಎಂತದೂ ಅಂಟೂದಿಲ್ಲ ಅಂತ."